ಒಂದು ಚಮಚ ನೀಲಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಇಡೀ ವಿಭಾಗಕ್ಕೆ ಗೊತ್ತು. ಪ್ರಯೋಗಾಲಯದ ಹುಡುಗ ಹುಡುಗಿಯರು ನನಗೆ ಇಟ್ಟ ಹೆಸರು ಓವನಕ್ಕ. ಗಾಜಿನ ಸಾಮಾನು ಒಣಗಿಸುವ ಓವನ್ ನನ್ನ ಸುಪರ್ದಿಯಲ್ಲಿದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ನನ್ನೆದುರು ಹೇಳುವುದಿಲ್ಲ. ತೊಳೆದ ಫ್ಲಾಸ್ಕಿನ ಕುತ್ತಿಗೆಯಲ್ಲಿ ಒಂದೇ ಒಂದು ಹನಿ ನೀರು ನಿಂತಿದ್ದರೂ ನಾನು ಅದನ್ನು ವಾಪಸ್ ಕಳಿಸುತ್ತೇನೆ. ಮೂವತ್ತೊಂದು ವರ್ಷದಿಂದ ಹೀಗೇ ಇದ್ದೇನೆ. ನನ್ನ ಕೈಯಿಂದ ಒಣ ಗಾಜು, ಒಣ ದ್ರಾವಕ ತೆಗೆದುಕೊಂಡು ಹೋಗಿ ಆ ಕಡೆಯ ಕೋಣೆಯಲ್ಲಿ ಅವರು ಏನು ಅಳೆಯುತ್ತಾರೆ, ಯಾಕೆ ಅಳೆಯುತ್ತಾರೆ ಎಂದು ಮಾತ್ರ ಯಾವತ್ತೂ ಕೇಳಿದವಳಲ್ಲ. ದೊಡ್ಡವರ ವಿಷಯ, ನಮಗ್ಯಾಕೆ ಎಂದು ಸುಮ್ಮನಿದ್ದೆ.

ನನ್ನ ಕೈಗುಣ ಇರುವುದು ಆಲ್ಕೋಹಾಲಿನಲ್ಲಿ. ನಗಬೇಡಿ. ಕುಡಿಯುವ ಮಾತಲ್ಲ, ಒಣಗಿಸುವ ಮಾತು. ಆಲ್ಕೋಹಾಲಿಗೆ ನೀರೆಂದರೆ ಪ್ರಾಣ. ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಗಾಳಿಯಲ್ಲಿರುವ ತೇವವನ್ನೆಲ್ಲ ಬಾ ಬಾ ಎಂದು ಒಳಗೆ ಕರೆದುಕೊಳ್ಳುತ್ತದೆ. ಮೆಗ್ನೀಸಿಯಂ ಚೂರು, ಒಂದೆರಡು ಹರಳು ಅಯೋಡಿನ್ ಹಾಕಿ, ಮೂರು ಗಂಟೆ ಕುದಿಸಿ, ಆವಿಯನ್ನು ತಣಿಸಿ ಬಟ್ಟಿ ಇಳಿಸಿದರೆ ಮಾತ್ರ ಆ ಸಹವಾಸ ಬಿಡುತ್ತದೆ. ಕುದಿಯುವ ಸದ್ದು ಕೇಳಿಯೇ ನೀರು ಹೋಯಿತೋ ಇಲ್ಲವೋ ಎಂದು ನಾನು ಹೇಳಬಲ್ಲೆ. ನನ್ನ ಗಂಡ ದರ್ಜಿ. "ನಿನ್ನ ಕೈಯಲ್ಲಿ ಸಿಕ್ಕಿದ್ರೆ ಸಮುದ್ರನೂ ಒಣಗುತ್ತೆ" ಅನ್ನುತ್ತಾನೆ. ಹೊಗಳಿಕೆಯೋ ತೆಗಳಿಕೆಯೋ, ನಾನು ವಿಚಾರಿಸಲು ಹೋಗಿಲ್ಲ.

ಆ ಹುಡುಗಿ ನಮ್ಮಲ್ಲಿಗೆ ಸಂಶೋಧನೆಗೆ ಬಂದು ನಾಲ್ಕು ವರ್ಷವಾಗಿತ್ತು. ಹುಡುಗಿ ಅನ್ನುತ್ತೇನೆ, ವಯಸ್ಸು ಮೂವತ್ತಮೂರು. ಕೆಲಕಾಲ ಶಾಲೆಯಲ್ಲಿ ಪಾಠ ಮಾಡಿ, ಮದುವೆಯಾಗಿ, ಎರಡು ಸಲ ಬಸಿರು ನಿಲ್ಲದೆ ಹೋಗಿ, ಆಮೇಲೆ ಮನಸ್ಸನ್ನು ಎಲ್ಲಾದರೂ ಕಟ್ಟಿಹಾಕಬೇಕೆಂದು ಮತ್ತೆ ಓದಲು ಬಂದವಳು. ಮೊದಲ ದಿನವೇ ಪಿಪೆಟ್ಟನ್ನು ತೊಳೆದು, ಒಣಗಿಸಿ, ತುದಿ ಮೇಲಾಗಿ ನಿಲ್ಲಿಸಿ ಹೋಗಿದ್ದಳು. ನಾನು ಯಾರನ್ನೂ ಬೇಗ ಮೆಚ್ಚುವವಳಲ್ಲ. ಇವಳನ್ನು ಮೆಚ್ಚಿದೆ. ಮಕ್ಕಳಿಲ್ಲದ ನನಗೆ ಅದು ಮೆಚ್ಚುಗೆಯಲ್ಲಿ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ.

ನಾಲ್ಕನೆಯ ವರ್ಷ ಅವಳು ಮತ್ತೆ ಬಸುರಿಯಾದಳು. ಮೂರು ತಿಂಗಳು ತುಂಬುವವರೆಗೂ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ ದಿನ ನಾನು ಅವಳ ಕೈಯಲ್ಲಿದ್ದ ಮೆಥನಾಲ್ ಬಾಟಲಿಯನ್ನು ಕಿತ್ತುಕೊಂಡೆ.

"ಇವತ್ತಿಂದ ದ್ರಾವಕದ ಕೆಲಸ ಎಲ್ಲಾ ನಂದು. ಬಟ್ಟಿ ಇಳಿಸೋದು, ಬಾಟಲಿ ತುಂಬೋದು, ಉಳಿದಿದ್ದು ಚೆಲ್ಲೋದು, ಎಲ್ಲಾ. ನೀನು ಆ ಆವಿ ಹತ್ರ ಸುಳಿದ್ರೆ ಕಾಲು ಮುರೀತೀನಿ."

"ಅಕ್ಕಾ, ಕಾಲು ಮುರಿದ್ರೆ ಮಗು ಎತ್ಕೊಂಡು ಓಡಾಡೋದು ಯಾರು?"

"ನಾನು," ಅಂದೆ. ಮಾತು ಬಾಯಿಂದ ಜಾರಿಹೋಗಿತ್ತು. ಅವಳು ನಕ್ಕಳು.

ಹೆರಿಗೆಗೆ ಮುಂಚೆ ಅಳತೆಗಳೆಲ್ಲ ಮುಗಿಯಬೇಕು, ಹೆರಿಗೆಯ ನಂತರ ಕೂತು ಪ್ರಬಂಧ ಬರೆಯಬೇಕು ಅನ್ನುವುದು ಅವಳ ಲೆಕ್ಕಾಚಾರ. ಅವಳ ಮಾರ್ಗದರ್ಶಕರಾದ ಪ್ರೊಫೆಸರರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರು ಹೋದರೆ ಇವಳ ವಿಷಯವನ್ನು ಕೈಗೆತ್ತಿಕೊಳ್ಳುವವರು ಇನ್ನಾರೂ ಇರಲಿಲ್ಲ. ಮೆಥನಾಲ್, ಎಥನಾಲ್, ಪ್ರೊಪನಾಲ್ ಎಂಬ ಮೂರು ಆಲ್ಕೋಹಾಲುಗಳಲ್ಲಿ ಕೋಬಾಲ್ಟ್ ಏನೋ ಮಾಡುತ್ತದೆ, ಅದನ್ನು ಇವಳು ಬಣ್ಣದ ಮೂಲಕ ಅಳೆಯುತ್ತಾಳೆ. ಆಗ ನನಗೆ ತಿಳಿದಿದ್ದದ್ದು ಅಷ್ಟೇ. ಇನ್ನೂ ಒಂದು ಗೊತ್ತಿತ್ತು. ನೀಲಿ ಬಂದರೆ ಅವಳ ಮುಖ ಅರಳುತ್ತದೆ, ನೀಲಿ ಹೋಗಿ ನೇರಳೆಯಾದರೆ ಬಾಡುತ್ತದೆ.

ಆ ವರ್ಷ ತೇವದ ತಿಂಗಳುಗಳು ಮುಗಿಯುವ ಹಾಗೇ ಕಾಣಲಿಲ್ಲ. ಕಿಟಕಿಯ ಗಾಜಿನ ಒಳಮೈ ಬೆವರುತ್ತಿತ್ತು, ಫಿಲ್ಟರ್ ಕಾಗದ ಹಪ್ಪಳದ ಗರಿಗರಿ ಬಿಟ್ಟು ಬಟ್ಟೆಯಂತೆ ಮೆತ್ತಗಾಗಿತ್ತು. ಬೆಳಿಗ್ಗೆ ನಾನು ಹನಿ ನೀರಿಲ್ಲದ ಹಾಗೆ ಒಣಗಿಸಿ ಕೊಟ್ಟ ಆಲ್ಕೋಹಾಲ್ ಮಧ್ಯಾಹ್ನದ ಹೊತ್ತಿಗೆ ತೇವ ಕುಡಿದು ಕೂತಿರುತ್ತಿತ್ತು. ದಿನಕ್ಕೆ ಮೂವತ್ತು ಸಲ ಮುಚ್ಚಳ ತೆಗೆದು ಹಾಕಿದರೆ ಇನ್ನೇನಾಗುತ್ತದೆ? ಅವಳ ನೀಲಿ ದ್ರಾವಣ ಬಣ್ಣ ಅಳೆಯುವ ಯಂತ್ರಕ್ಕೆ ಹೋಗುವಷ್ಟರಲ್ಲಿ ನೇರಳೆ. ಮಾರನೆಯ ದಿನ ಮತ್ತೆ ನೇರಳೆ. ಮೂರು ವಾರ ಹೀಗೇ ಹಾಳಾಯಿತು. ಒಂದು ಮಧ್ಯಾಹ್ನ ನಾನು ದ್ರಾವಣ ತುಂಬಿ ಯಂತ್ರದೊಳಗಿಡುವ ಪುಟ್ಟ ಗಾಜಿನ ಡಬ್ಬಿ, ಕ್ಯೂವೆಟ್, ತೊಳೆದು ಕೊಡಲು ಹೋದಾಗ ಅವಳು ಯಂತ್ರದ ಮುಂದೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಿಕ್ಕುತ್ತಿದ್ದಳು.

"ಯಾವುದೂ ನಿಲ್ಲಲ್ಲ ಅಕ್ಕ ನನ್ನ ಹತ್ರ," ಅಂದಳು.

ಅವಳು ಬಣ್ಣದ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂದು ತಿಳಿಯಲು ನನಗೆ ಓದು ಬರಹ ಬೇಕಿರಲಿಲ್ಲ. "ಅತ್ರೆ ಇನ್ನಷ್ಟು ತೇವ ಆಗುತ್ತೆ, ಎದ್ದು ಮುಖ ತೊಳಿ" ಎಂದು ಗದರಿಸಿ ಬಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಆ ಕೆಲಸ ಮಾಡಿದೆ. ನಮ್ಮ ಕಪಾಟಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಬಿಳಿಯ ಹರಳು, ಗಾಳಿಯಿಂದ ನೀರನ್ನು ಕಸಿಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆವಿ ತಣಿಸುವ ಕಂಡೆನ್ಸರಿನ ಬಾಯಿಗೆ ಸಿಕ್ಕಿಸುವ ಗಾಜಿನ ಕೊಳವೆಯಲ್ಲಿ ದಿನವೂ ಅದನ್ನೇ ತುಂಬುತ್ತೇನೆ. ಅದನ್ನು ಆಲ್ಕೋಹಾಲಿನ ಒಳಗೆ ಮಾತ್ರ ಹಾಕಬಾರದು. ನನಗೆ ಕೆಲಸ ಕಲಿಸಿದ ಹಳೆಯ ಟೆಕ್ನಿಷಿಯನ್ ಇದನ್ನು ಮೊದಲ ವಾರವೇ ಹೇಳಿಕೊಟ್ಟಿದ್ದ. ಯಾಕೆ ಅಂದಿದ್ದಕ್ಕೆ, "ಅದು ನೀರಿನ ಜೊತೆ ಆಲ್ಕೋಹಾಲನ್ನೂ ಹಿಡ್ಕೊಳ್ಳುತ್ತೆ, ಮಾಲು ನಷ್ಟ" ಅಂದಿದ್ದ. ನಾನು ಮೂವತ್ತೊಂದು ವರ್ಷ ಅದೊಂದೇ ಕಾರಣ ಅಂದುಕೊಂಡಿದ್ದೆ. ಮಾಲು ನಷ್ಟವಾದರೆ ಆಗಲಿ, ಇನ್ನರ್ಧ ಲೀಟರ್ ಬಟ್ಟಿ ಇಳಿಸಿದರಾಯಿತು, ನನ್ನ ರೆಟ್ಟೆ ತಾನೇ ನೋಯುವುದು. ಎರಡು ಲೀಟರಿನ ಕಂದು ಬಾಟಲಿಗೆ ಒಂದು ಚಮಚ ಹಾಕಿ ಅಲ್ಲಾಡಿಸಿದೆ. ಕರಗಿಹೋಯಿತು. ಕಂದು ಗಾಜಿನಲ್ಲಿ ಏನೂ ಕಾಣಲಿಲ್ಲ. ಅವಳಿಗೆ ಹೇಳಲಿಲ್ಲ. ಹೇಳಿದರೆ ಪುಸ್ತಕ ತೆಗೆದು ಹಾಗೆ ಮಾಡಬಾರದು, ಹೀಗೆ ಮಾಡಬಾರದು ಅನ್ನುತ್ತಾಳೆ. ಸುಮ್ಮನೆ ನೀಲಿ ನಿಲ್ಲಲಿ ಅಂದುಕೊಂಡೆ.

ನೀಲಿ ನಿಂತಿತು. ಎಂಥ ನೀಲಿ ಅಂತೀರಿ! ಸಂಜೆಯಾದರೂ ಕದಲಲಿಲ್ಲ. ಅವಳು ಕ್ಯೂವೆಟನ್ನು ಕಿಟಕಿಗೆ ಹಿಡಿದುಕೊಂಡು ನನ್ನ ಕೋಣೆಯವರೆಗೆ ಬಂದಳು.

"ಅಕ್ಕಾ, ನೋಡಿ! ನೀವೇನು ಮಾಟ ಮಾಡಿದ್ರಿ?"

"ಸ್ವಲ್ಪ ಜಾಸ್ತಿ ಹೊತ್ತು ಕುದಿಸಿದೆ," ಅಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನು ಎಷ್ಟು ಜನರ ಮುಖದ ಮೇಲೆ ಕಂಡು ಬೈದಿದ್ದೇನೋ. ಆ ದಿನ ನನ್ನ ಮುಖ ಹೇಗಿತ್ತೋ ನೋಡಿಕೊಳ್ಳಲಿಲ್ಲ.

ಎರಡೂವರೆ ತಿಂಗಳು ಅವಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಳೆದಳು. ಪ್ರತಿ ಬಾಟಲಿಗೂ ನನ್ನದೊಂದು ಚಮಚ. ಅವಳ ಹೊಟ್ಟೆ ಬೆಳೆಯಿತು, ನೋಟ್ ಪುಸ್ತಕ ತುಂಬಿತು. ಅವಳಿಗೆ ಸಿಕ್ಕ ಅಂಕಿ ಹಿಂದಿನವರು ಅಳೆದದ್ದಕ್ಕಿಂತ ಹದಿನೆಂಟು ಪಟ್ಟು ಹೆಚ್ಚು. ಅವರ ಆಲ್ಕೋಹಾಲ್ ಸರಿಯಾಗಿ ಒಣಗಿರಲಿಲ್ಲ, ನಮ್ಮದು ಒಣಗಿತ್ತು, ಅದಕ್ಕೇ ಹೀಗೆ ಎಂದು ಇವಳು ಒಂದು ಪುಟ ವಿವರಣೆ ಬರೆದಳು. ಪ್ರೊಫೆಸರರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹಾಗೆ ಮಾಡುವುದು ಬಹಳ ಸಂತೋಷವಾದಾಗ, ಇಲ್ಲ ಬಹಳ ದುಃಖವಾದಾಗ. ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದ್ದೂ ಆಯಿತು, ಸಮ್ಮೇಳನದವರು ಬನ್ನಿ ಎಂದು ಒಪ್ಪಿ ಬರೆದದ್ದೂ ಆಯಿತು.

ಸಮ್ಮೇಳನಕ್ಕೆ ಹತ್ತು ದಿನ ಇರುವಾಗ ಅವಳು ನನ್ನ ಕೋಣೆಗೆ ಬಂದು ಎತ್ತರದ ಸ್ಟೂಲಿನ ಮೇಲೆ ಕಷ್ಟಪಟ್ಟು ಕೂತಳು. "ನಿಮ್ಮೆದುರು ಒಂದು ಸಲ ಹೇಳಿ ನೋಡ್ತೀನಿ ಅಕ್ಕ. ನಿಮಗೆ ಅರ್ಥ ಆದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ."

"ನಾನೇನು ಅಷ್ಟು ದಡ್ಡಿನಾ?"

"ಅಲ್ಲ, ನೀವು ಅಷ್ಟು ಒರಟು. ಅರ್ಥ ಆಗದಿದ್ರೆ ಮುಖದ ಮೇಲೇ ಹೇಳ್ತೀರ."

ಅವಳು ಬಿಡಿಸಿ ಹೇಳಿದಳು. ಕೋಬಾಲ್ಟ್ ನಡುವೆ ಕೂತಿರುತ್ತದೆ, ಸುತ್ತಲೂ ಆರು ಜನ ಆಲ್ಕೋಹಾಲ್. ಆಗ ಬಣ್ಣ ತಿಳಿಗುಲಾಬಿ. ಇವಳು ಲಿಥಿಯಂ ಕ್ಲೋರೈಡನ್ನು ಹನಿಹನಿಯಾಗಿ ಬಿಡುತ್ತಾಳೆ. ಒಂದು ಕ್ಲೋರೈಡ್ ಬಂದು ಒಬ್ಬ ಆಲ್ಕೋಹಾಲನ್ನು ಎಬ್ಬಿಸಿ ತಾನು ಕೂರುತ್ತದೆ, ಆಮೇಲೆ ಇನ್ನೊಂದು. ಕೊನೆಗೆ ನಾಲ್ಕೇ ನಾಲ್ಕು ಕ್ಲೋರೈಡುಗಳು ಕೋಬಾಲ್ಟನ್ನು ಸುತ್ತುವರಿದು ಕೂತಾಗ ಅಚ್ಚ ನೀಲಿ. ನೀರು ಬಂದರೆ ಕ್ಲೋರೈಡನ್ನು ಓಡಿಸಿ ತಾನು ಕೂರುತ್ತದೆ, ಮತ್ತೆ ಗುಲಾಬಿ.

"ನಾನು ಕೇಳ್ತಿರೋದು ಒಂದೇ ಪ್ರಶ್ನೆ ಅಕ್ಕ. ಕೂತ ಕ್ಲೋರೈಡ್ ಎಷ್ಟು ಗಟ್ಟಿಯಾಗಿ ಕೂತಿದೆ? ಮೆಥನಾಲಲ್ಲಿ ಎಷ್ಟು, ಎಥನಾಲಲ್ಲಿ ಎಷ್ಟು? ನಾನು ಹಾಕಿದ ಕ್ಲೋರೈಡ್ ಎಷ್ಟು ಅಂತ ಹನಿ ಹನಿಗೂ ನನಗೆ ಗೊತ್ತಲ್ಲ, ಇಡೀ ಕಟ್ಟಡ ನಿಂತಿರೋದು ಅದರ ಮೇಲೆ. ಇಷ್ಟು ಕಡಿಮೆ ಕ್ಲೋರೈಡಿಗೇ ಇಷ್ಟು ನೀಲಿ ಬರೋದು ಇದುವರೆಗೂ ಯಾರೂ ನೋಡಿಲ್ಲ."

ಕ್ಲೋರೈಡ್. ಅವಳು ಹನಿ ಎಣಿಸಿ ಹಾಕಿದ್ದಳು, ನಾನು ಚಮಚದಲ್ಲಿ ಸುರಿದಿದ್ದೆ.

"ಅರ್ಥ ಆಯ್ತಾ?" ಎಂದು ಕೇಳಿದಳು.

"ಆಯ್ತು," ಅಂದೆ.

ಅವಳು ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡೆ. ಬಟ್ಟಿ ಇಳಿಸಿದ ನೀರು ಶುದ್ಧವಾಗಿದೆಯೇ ಎಂದು ದಿನಾ ಬೆಳಿಗ್ಗೆ ನಾನು ಸಿಲ್ವರ್ ನೈಟ್ರೇಟಿನ ಎರಡು ಹನಿ ಹಾಕಿ ನೋಡುತ್ತೇನೆ. ಕ್ಲೋರೈಡ್ ಇದ್ದರೆ ಬೆಳ್ಳಗೆ ಒಡೆಯುತ್ತದೆ. ನೀರಿಗೆ ದಿನವೂ ಮಾಡುವ ಈ ಪರೀಕ್ಷೆಯನ್ನು ಆಲ್ಕೋಹಾಲಿಗೆ ಒಂದು ಸಲವೂ ಮಾಡಿರಲಿಲ್ಲ. ಅವಳ ಬಾಟಲಿಯಿಂದ ಸ್ವಲ್ಪ ತೆಗೆದು ನೀರಿಗೆ ಬೆರೆಸಿ ಎರಡು ಹನಿ ಬಿಟ್ಟೆ. ಪ್ರನಾಳದ ತುಂಬ ಹಾಲು ಒಡೆದ ಹಾಗೆ ಬಿಳಿ. ಅದಕ್ಕೆ ಬಿರಡೆ ಹಾಕಿ ಎತ್ತಿಟ್ಟೆ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವನು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದ. ಬಾಯಲ್ಲಿ ಸೂಜಿ ಇತ್ತು, ಅದನ್ನು ತೆಗೆದು ಪಿನ್ನಿನ ದಿಂಬಿಗೆ ಚುಚ್ಚಿದ.

"ಹೇಳದೆ ಇದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಎಂದು ಕೇಳಿದ.

"ಕಂದು ಬಾಟಲಿ. ನನಗೊಬ್ಬಳಿಗೇ ಗೊತ್ತು. ಯಾವತ್ತೋ ಎಲ್ಲೋ ಯಾರೋ ಮತ್ತೆ ಅಳೆದ್ರೆ ತಪ್ಪು ಅಂತ ಗೊತ್ತಾಗುತ್ತೆ. ಆಗ ಹೆಸರು ಕೆಡೋದು ಅವಳದು. ಹೇಳಿದ್ರೆ ಎಲ್ಲಾ ಮೊದಲಿಂದ ಅಳೀಬೇಕು. ಅವಳಿಗೀಗ ಏಳನೇ ತಿಂಗಳು ರೀ. ಹೆರಿಗೆ ಒಳಗೆ ಮುಗಿಯುತ್ತಾ? ಮುಗೀದಿದ್ರೆ ನಾಲ್ಕು ವರ್ಷ ನೀರಲ್ಲಿ ಹೋಮ."

"ಅವಳು ನಿನ್ನ ಮುಖ ನೋಡ್ತಾಳಾ ಆಮೇಲೆ?"

ನನಗೆ ಇದ್ದ ಭಯ ಅದೇ. ಅವನು ನೇರವಾಗಿ ಅಲ್ಲಿಗೇ ಸೂಜಿ ಇಟ್ಟಿದ್ದ. ಬಿಸಿತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅವನು ಕೋಟಿನ ತೋಳನ್ನು ಎತ್ತಿ ತೋರಿಸಿದ. "ಇದು ನಾನೇ ಹೊಲಿದಿದ್ದು. ಅಳತೆ ತಪ್ಪಿದೆ. ಇಸ್ತ್ರಿ ಹೊಡೆದ್ರೆ ಎರಡು ದಿನ ಚೆಂದ ಕಾಣುತ್ತೆ. ಆದ್ರೆ ಅವನು ಕೈ ಎತ್ತಿದಾಗ ಹರಿಯುತ್ತೆ. ಬಿಚ್ಚಲೇಬೇಕು ಕಣೆ."

ಬೆಳಿಗ್ಗೆ ಅವಳು ಬರುವ ಮೊದಲೇ ಅವಳ ಮೇಜಿನ ಮೇಲೆ ಆ ಪ್ರನಾಳವನ್ನು ಇಟ್ಟುಕೊಂಡು ಕಾದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ನನ್ನ ಪಾಲಿಗೆ ಅಕ್ಷರಶಃ ನಿಜವಾಗಿತ್ತು. ಅವಳು ಬಂದಳು, ಬಿಳಿ ನೋಡಿದಳು.

"ಇದೇನು? ನೀರಿನದಾ?"

"ನಿನ್ನ ಎಥನಾಲಿಂದು."

ಅವಳು ಬ್ಯಾಗನ್ನು ಕೆಳಗಿಟ್ಟಳು. ನಾನು ಹೇಳುತ್ತಾ ಹೋದೆ. ಮುಗಿದ ಮೇಲೆ ಅವಳು ಮೂರು ಪ್ರಶ್ನೆ ಕೇಳಿದಳು.

"ಯಾವ ಯಾವ ಬಾಟಲಿ?"

"ಎಲ್ಲಾ."

"ಯಾವಾಗಿಂದ?"

"ನೀನು ಅತ್ತ ಮಾರನೇ ದಿನದಿಂದ."

"ಎಷ್ಟು ಹಾಕಿದ್ರಿ? ತೂಕ ಮಾಡಿದ್ರಾ?"

ತೂಕ ಮಾಡಿದ್ದರೆ ಅಷ್ಟನ್ನು ಕೂಡಿಸಿ ಹಳೆಯ ಅಂಕಿಗಳನ್ನೆಲ್ಲ ಸರಿಪಡಿಸಿಕೊಳ್ಳಬಹುದಿತ್ತು. ಅದು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು, ಕೊನೆಯ ಆಸೆ. ಮೂವತ್ತೊಂದು ವರ್ಷ ಉಪ್ಪಿನ ಹರಳನ್ನೂ ತೂಗದೆ ಮುಟ್ಟದ ನಾನು, ಅಕ್ಕರೆಯಿಂದ ಮಾಡಿದ ಒಂದೇ ಒಂದು ಕೆಲಸಕ್ಕೆ ತಕ್ಕಡಿ ಹಿಡಿದಿರಲಿಲ್ಲ.

"ಇಲ್ಲ. ಚಮಚದಲ್ಲಿ ಹಾಕಿದೆ. ಒಂದ್ಸಲ ತುಂಬಿ, ಒಂದ್ಸಲ ಸ್ವಲ್ಪ ಕಮ್ಮಿ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಗದರಿಸಬಹುದಿತ್ತು. ನೋಟ್ ಪುಸ್ತಕವನ್ನು ತೆರೆದು ಆ ದಿನದ ಪುಟ ಹುಡುಕಿ, ಅಲ್ಲಿಂದ ಕೊನೆಯವರೆಗೆ ಪ್ರತಿ ಪುಟಕ್ಕೂ ಮೂಲೆಯಿಂದ ಮೂಲೆಗೆ ಒಂದೊಂದು ಗೆರೆ ಎಳೆದಳು. ಐವತ್ತೆರಡು ಪುಟ. ನಾನು ನಿಂತೇ ಇದ್ದೆ. ಪೆನ್ನು ಮುಚ್ಚಿ, ತಲೆ ಎತ್ತದೆ, "ಇನ್ಮೇಲೆ ನನ್ನ ಬಾಟಲಿ ಮುಟ್ಟಬೇಡಿ" ಅಂದಳು. ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಪ್ರೊಫೆಸರರ ಕೋಣೆಗೆ ಇಬ್ಬರೂ ಹೋದೆವು. ಅವಳು, "ಸರ್, ದ್ರಾವಕದಲ್ಲಿ ಕ್ಲೋರೈಡ್ ಇತ್ತು. ನಾನು ಪರೀಕ್ಷೆ ಮಾಡ್ಕೊಳ್ಳಬೇಕಿತ್ತು, ಮಾಡಲಿಲ್ಲ" ಅಂದಳು. ನನ್ನ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ರೇಗಿಹೋಯಿತು. ನನ್ನ ತಪ್ಪನ್ನು ಹೊರಲು ಇವಳ್ಯಾರು, ಇರುವ ಭಾರ ಸಾಲದೇ?

"ಸುಳ್ಳು ಸರ್. ಹಾಕಿದ್ದು ನಾನು," ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. "ಸಮ್ಮೇಳನಕ್ಕೆ ಬರೆದು ವಾಪಸ್ ತಗೊಳ್ತೀನಿ," ಅಂದರು. ಆಮೇಲೆ ನನ್ನ ಕಡೆ ನೋಡಿ, "ನಮ್ಮಲ್ಲಿ ಯಾರಾದ್ರೂ ನಿಮಗೆ ಇದೆಲ್ಲ ಯಾತಕ್ಕೆ ಅಂತ ಮೊದಲೇ ಹೇಳಬೇಕಿತ್ತು" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಸೀಲು ಹಾಕಿದ ಒಣ ಆಲ್ಕೋಹಾಲನ್ನು ಹೊರಗಿನಿಂದ ತರಿಸಿದರು. ಬಾಟಲಿಗಳನ್ನು ಅವಳೇ ಕೈಗವಸು, ಮುಖಕ್ಕೆ ಮುಸುಕು ಹಾಕಿಕೊಂಡು, ಗಾಳಿ ಎಳೆಯುವ ಕಪಾಟಿನೊಳಗೆ ತೆರೆಯುತ್ತಿದ್ದಳು. ನಾನು ಓವನ್ ನೋಡಿಕೊಂಡೆ, ಗಾಜು ತೊಳೆದೆ. ಅವಳ ಕಾಲು ಊದಿಕೊಳ್ಳುತ್ತಿತ್ತು. ಒಂದು ಮರದ ಪೆಟ್ಟಿಗೆಗೆ ಹಳೆಯ ಮೆತ್ತೆ ಕಟ್ಟಿ, ಅವಳಿಲ್ಲದಾಗ ಯಂತ್ರದ ಮೇಜಿನ ಕೆಳಗೆ ಇಟ್ಟು ಬಂದೆ. ಮಾರನೆಯ ದಿನ ಬಾಗಿಲ ಸಂದಿಯಿಂದ ನೋಡಿದರೆ ಅವಳ ಎರಡೂ ಕಾಲು ಅದರ ಮೇಲಿದ್ದವು. ಮಾತು ಮಾತ್ರ ಇಲ್ಲ. "ಫ್ಲಾಸ್ಕ್ ಆರು ಬೇಕು", "ಇಗೋ", ಅಷ್ಟೇ. ಆರು ವಾರ ಹೀಗೆ ಹೋಯಿತು. ಮೆಥನಾಲ್ ಮುಗಿಯಿತು, ಎಥನಾಲ್ ಮುಗಿಯಿತು. ಹೊಸ ಅಂಕಿಗಳು ಹಿಂದಿನವರ ಅಂಕಿಗಳ ಪಕ್ಕದಲ್ಲೇ ಬಂದು ನಿಂತವು, ಹದಿನೆಂಟು ಪಟ್ಟು ಎಲ್ಲಿ, ಒಂದೂಕಾಲು ಪಟ್ಟು ಎಲ್ಲಿ. ಅವು ಮುಖ ಅರಳಿಸುವ ಅಂಕಿಗಳಲ್ಲ, ಆದರೆ ನಿಜವಾದವು.

ಪ್ರೊಪನಾಲ್ ಉಳಿದಿತ್ತು. ಎಂಟು ತಿಂಗಳು ತುಂಬಿ ಹತ್ತು ದಿನಕ್ಕೆ ಅವಳ ರಕ್ತದೊತ್ತಡ ಏರಿತು. ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಆಸ್ಪತ್ರೆಯಲ್ಲೇ ಮಲಗಿಸಿದರು. ಎರಡು ದಿನ ಕಳೆದು, ನಾನು ಬೆಳಗಿನ ಚಹಾ ಕುಡಿಯುತ್ತಿರುವಾಗ ಫೋನ್ ಬಂತು.

"ಅಕ್ಕಾ."

ನಾನು ಲೋಟ ಕೆಳಗಿಟ್ಟೆ. ಆರು ವಾರದ ಮೇಲೆ ಕೇಳಿದ ಅಕ್ಕ ಅದು.

"ಹುಷಾರಾಗಿದ್ದೀಯೇನೆ?"

"ಮಲಗಿ ಮಲಗಿ ಬೆನ್ನು ಹಲಗೆ ಆಗಿದೆ. ಸೀಲಿನ ಪ್ರೊಪನಾಲಲ್ಲಿ ನೀರಿದೆಯಂತೆ, ಸರ್ ನೋಡಿದ್ರಂತೆ. ಹೊಸದು ಬರೋಕೆ ಎರಡು ತಿಂಗಳು ಅಂತೆ." ಅತ್ತಲಿಂದ ಮಗ್ಗುಲಾಗುವ ಸದ್ದು ಬಂತು. "ನೀವು ಬಟ್ಟಿ ಇಳಿಸ್ತೀರಾ?"

"ಇಳಿಸ್ತೀನಿ."

"ರೀಡಿಂಗೂ ನೀವೇ ತಗೋಬೇಕು. ಇಡೀ ಸರಣಿ."

"ನನಗೆಲ್ಲಿ ಬರುತ್ತೆ? ನಿನ್ನ ಜೊತೆ ಓದೋರು ಅಷ್ಟು ಜನ ಇದ್ದಾರಲ್ಲ, ಯಾರಿಗಾದ್ರೂ ಹೇಳು."

"ಯಂತ್ರ ನಡೆಸೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದರ ದೀಪ ಬದಲಾಯಿಸೋದೇ ನೀವು. ಹನಿ ಬಿಡೋದು ನಾನು ಹೇಳ್ಕೊಡ್ತೀನಿ. ಬೇರೆ ಯಾರೂ ಬೇಡ ಅಕ್ಕ. ತಪ್ಪಾದ್ರೆ ಬಂದು ಹೇಳೋರು ಬೇಕು ನನಗೆ."

ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತೆ. ಅವಳಿಗೆ ಕೇಳಿಸದ ಹಾಗೆ ಅತ್ತೆ ಎಂದು ಆಗ ಅಂದುಕೊಂಡಿದ್ದೆ. ಕೇಳಿಸಿತ್ತಂತೆ.

ಪ್ರೊಪನಾಲನ್ನು ಮೂರು ಗಂಟೆಯ ಬದಲು ಐದು ಗಂಟೆ ಕುದಿಸಿದೆ. ಪ್ರತಿ ಬಾಟಲಿಯಿಂದ ಸ್ವಲ್ಪ ತೆಗೆದು ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿದೆ, ಕಣ್ಣೀರಿನಷ್ಟು ತಿಳಿ. ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯುವ ಗೊಡವೆಯೇ ಬೇಡವೆಂದು, ಚಿಕ್ಕ ಚಿಕ್ಕ ಶೀಷೆಗಳಿಗೆ ಒಂದು ಸಲದ ಲೆಕ್ಕಕ್ಕೆ ತುಂಬಿ ಮುಚ್ಚಿದೆ. ಆ ಬುದ್ಧಿ ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಚಮಚವೇ ಬೇಕಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು.

ಹತ್ತು ಹಂತ, ಹತ್ತು ರೀಡಿಂಗು. ಅವಳು ಫೋನಿನಲ್ಲಿ ಹೇಳಿಕೊಟ್ಟಂತೆ ಸೂಕ್ಷ್ಮ ಪಿಪೆಟ್ಟಿನಿಂದ ಲಿಥಿಯಂ ಕ್ಲೋರೈಡಿನ ದ್ರಾವಣ ಬಿಟ್ಟೆ. ಮೊದಲು ಗುಲಾಬಿ, ಆಮೇಲೆ ಒಂದು ಚೂರು ನೇರಳೆ, ಆಮೇಲೆ ನೀಲಿ ಮೆಲ್ಲಗೆ ಇಳಿಯಿತು. ಮೂವತ್ತೊಂದು ವರ್ಷ ಈ ಕೋಣೆಗಳಲ್ಲಿ ಕಳೆದು, ಏನು ನಡೆಯುತ್ತಿದೆ ಎಂದು ತಿಳಿದು ನೋಡಿದ್ದು ಅದೇ ಮೊದಲು. ಆ ಒಂದೊಂದು ಕ್ಲೋರೈಡೂ ಜಾಗ ಹುಡುಕಿ ಕೂರುವುದು ನನಗೆ ಕಂಡಂತೆಯೇ ಆಗುತ್ತಿತ್ತು. ಬಿಂದುಗಳನ್ನು ಗ್ರಾಫ್ ಕಾಗದದ ಮೇಲೆ ಇಡಲು ಪ್ರೊಫೆಸರರು ಕಲಿಸಿಕೊಟ್ಟರು. ಆರು ಬಿಂದು ದಾರ ಕಟ್ಟಿದಂತೆ ಸಾಲಾಗಿ ಬಂದವು. ಏಳನೆಯದು ಆಚೆ ಬಿತ್ತು. ಎಂಟು, ಒಂಬತ್ತು, ಹತ್ತು ಮತ್ತೆ ಸಾಲಿಗೆ ಬಂದವು.

ಮಾರನೆಯ ದಿನ ಹೊಸ ಶೀಷೆ ತೆರೆದು ಇಡೀ ಸರಣಿಯನ್ನು ಮೊದಲಿಂದ ಮಾಡಿದೆ. ಏಳನೆಯದು ಮತ್ತೆ ಆಚೆಗೇ ಬಿತ್ತು. ಪಿಪೆಟ್ ಬದಲಾಯಿಸಿದೆ, ಕ್ಯೂವೆಟ್ ಬದಲಾಯಿಸಿದೆ, ಯಂತ್ರಕ್ಕೂ ನಾಲ್ಕು ಮಾತು ಬೈದೆ. ಅದು ಕೇಳಲಿಲ್ಲ. ಆ ಬಿಂದುವನ್ನು ಎರಡು ಗೆರೆಯಷ್ಟು ಕೆಳಗೆ ಬರೆದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಅಲ್ಲಿ ನೋವು ಶುರುವಾಗಿದೆ ಎಂದು ಅಂದೇ ಬೆಳಿಗ್ಗೆ ಸುದ್ದಿ ಬಂದಿತ್ತು. ಹೆತ್ತು ಹಣ್ಣಾದವಳ ಕೈಗೆ ಚೆಂದದ ಒಂದು ಗೆರೆ ಕೊಡಬೇಕೆಂದು ನನಗೆ ಎಷ್ಟು ಆಸೆಯಾಯಿತು ಎಂದರೆ, ಪೆನ್ನು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಆಮೇಲೆ ಯಂತ್ರ ತೋರಿಸಿದ್ದನ್ನು ತೋರಿಸಿದಂತೆಯೇ ಬರೆದೆ, ಎರಡು ದಿನದ್ದೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ.

ಮಗು ಹುಟ್ಟಿದ ಮೂರ‍ನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಹೆಣ್ಣು. ಅವಳ ಗಂಡ ಮೇಷ್ಟ್ರು, ಬಾಗಿಲಲ್ಲೇ ಎದುರಾಗಿ, "ಒಳಗೆ ಹೋಗಿ, ಬೆಳಿಗ್ಗೆಯಿಂದ ನಿಮ್ಮನ್ನೇ ಕೇಳ್ತಿದ್ದಾಳೆ. ಮಗು ನೋಡೋಕೆ ಬರ್ತಾರಾ, ಪುಸ್ತಕ ತರ್ತಾರಾ ಅಂತ" ಎಂದು ನಕ್ಕ. ಅವಳು ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳುಪೇರಿತ್ತು, ಕೂದಲು ಕೆದರಿತ್ತು, ತೋಳಿನಲ್ಲಿ ಒಂದು ಹಿಡಿಯಷ್ಟು ಜೀವ.

ನಾನು ಕೂಡಲೇ ಹೇಳಿಬಿಟ್ಟೆ. ಮೊದಲು ಮಗುವನ್ನು ನೋಡಿ ಮುದ್ದಾಡಿದರೆ ಆಮೇಲೆ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಒಂಬತ್ತು ಸರಿ ಬಂದಿವೆ. ಏಳನೇದು ಬಂದಿಲ್ಲ. ಎರಡು ದಿನ ಮಾಡಿದೆ, ಎರಡು ದಿನವೂ ಆಚೆಗೇ ಬಿದ್ದಿದೆ. ಪಿಪೆಟ್ ಬದಲಾಯಿಸಿ ನೋಡಿದೆ, ಕ್ಯೂವೆಟ್ ಬದಲಾಯಿಸಿ ನೋಡಿದೆ. ಬಾಟಲಿಯಲ್ಲಿ ಏನೂ ಇಲ್ಲ, ಪ್ರಮಾಣ ಮಾಡಿ ಹೇಳ್ತೀನಿ. ಯಾಕೆ ಅಂತ ಗೊತ್ತಾಗಲಿಲ್ಲ ಮಗಳೇ. ಹಾಗೇ ಬರೆದಿದ್ದೀನಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮಗುವನ್ನು ಎರಡೂ ಕೈಯಿಂದ ಎತ್ತಿ ನನ್ನ ಕಡೆ ಚಾಚಿದಳು. "ಹಿಡ್ಕೊಳ್ಳಿ. ನಾನು ಪುಸ್ತಕ ನೋಡ್ತೀನಿ."

ಮಗು ಬೆಚ್ಚಗಿತ್ತು. ಓವನಿನಿಂದ ಆಗತಾನೇ ತೆಗೆದ ಗಾಜನ್ನು ಹಿಡಿಯುವಷ್ಟು ಹುಷಾರಾಗಿ ಹಿಡಿದುಕೊಂಡೆ. ಅವಳು ಏಳನೆಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿದಳು.

"ನನಗೂ ಗೊತ್ತಾಗ್ತಿಲ್ಲ," ಅಂದಳು. "ಗೊತ್ತಿಲ್ಲ ಅಂತಲೇ ಬರೀತೀನಿ ಪ್ರಬಂಧದಲ್ಲಿ. ಬಿಂದು ಅಲ್ಲೇ ಇರಲಿ."

ಪುಟ ತಿರುಗಿಸಿ, ಪೆನ್ನನ್ನು ನನ್ನ ಕಡೆ ನೀಡಿದಳು. "ರೀಡಿಂಗ್ ತಗೊಂಡೋರು ಪ್ರತಿ ಸಾಲಿನ ಮುಂದೆ ಸಹಿ ಹಾಕಬೇಕು ಅಕ್ಕ. ನೀವು ಜಾಗ ಖಾಲಿ ಬಿಟ್ಟಿದ್ದೀರ."

ಗಾಜಿನ ಸಾಮಾನಿನ ದಾಸ್ತಾನಿಗೆ ಬಿಟ್ಟರೆ ನಾನು ಎಲ್ಲೂ ಸಹಿ ಹಾಕಿದವಳಲ್ಲ. "ಮಗು ಕೈಯಲ್ಲಿದೆ, ಆಮೇಲೆ ಹಾಕ್ತೀನಿ" ಅಂದೆ. "ಇರ‍ಲಿ, ಹಾಗೇ ಹಾಕಿ" ಅಂದು ಪುಸ್ತಕವನ್ನು ಅವಳೇ ನನ್ನ ಮುಂದೆ ಹಿಡಿದಳು. ಮಗುವಿನ ತಲೆಯನ್ನು ಎಡತೋಳಿನ ಮಡಿಕೆಯಲ್ಲಿ ಸರಿಮಾಡಿಕೊಂಡು, ಬಲಗೈಯಿಂದ ಒಂದೊಂದು ಸಾಲಿಗೂ ಹಾಕುತ್ತಾ ಬಂದೆ. ಏಳನೆಯ ಸಾಲಿಗೆ ಬಂದಾಗ ಕಣ್ಣು ಮಂಜಾಯಿತು, ಸಹಿ ಸೊಟ್ಟಗಾಯಿತು. ಅವಳು ಪುಸ್ತಕ ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡಿದು, "ನಿಧಾನ, ಇನ್ನೂ ಮೂರು ಇದೆ" ಅಂದಳು.